ಹಿಡಿ ಅಕ್ಕಿಯೊಳಗಿನ ಕಿವಿಗಲ್ಲು

ನಾನು ಸಮುದ್ರ ನೋಡಿಲ್ಲ. ಹುಟ್ಟಿದ್ದು ಕುರುಗೋಡು, ಸೊಸೆಯಾಗಿ ಹೋಗಿದ್ದು ಸಿರುಗುಪ್ಪ, ಈಗ ಇರುವುದು ಬಳ್ಳಾರಿಯ ಗುಡ್ಡದ ಬುಡದ ಒಂದು ಓಣಿಯಲ್ಲಿ. ಹೊಳೆ ನೋಡಿದ್ದೇನೆ. ಕಾಲುವೆಗೆ ನೀರು ಬಿಟ್ಟ ಹೊಸದರಲ್ಲಿ ಸಿರುಗುಪ್ಪದ ಗದ್ದೆಗಳು ಆಕಾಶವನ್ನೇ ಇಳಿಸಿ ಹಾಸಿದ ಹಾಗೆ ಮಿನುಗುವುದನ್ನು ನೋಡಿದ್ದೇನೆ. ನನಗೆ ನೀರು ಅಂದರೆ ಅಷ್ಟೇ. ಆದರೂ ಮೂರು ವರ್ಷದಿಂದ ದಿನಾ ಮಧ್ಯಾಹ್ನ ಒಂದು ಗಳಿಗೆ ನಾನು ಸಮುದ್ರದ ತಳದಲ್ಲಿ ಇರುತ್ತೇನೆ.

ನನ್ನ ಮಗಳು ಮೀನಿನ ಓದು ಓದಲು ಕರಾವಳಿಗೆ ಹೋಗಿದ್ದಾಳೆ. ವಾರಕ್ಕೊಮ್ಮೆ ಫೋನಿನಲ್ಲಿ ಅವಳು ಹೇಳಿದ್ದೆಲ್ಲ ನನ್ನ ತಲೆಯಲ್ಲಿ ಉಳಿದುಬಿಡುತ್ತದೆ. ಊಟದ ಪಾತ್ರೆ ತಿಕ್ಕಿ, ಅತ್ತೆಗೆ ಎಲೆ ಅಡಿಕೆ ಕೊಟ್ಟು, ನಡುಮನೆಯಲ್ಲಿ ಚಾಪೆ ಹಾಸಿ ಅಡ್ಡಾಗುತ್ತೇನೆ. ಕಿಟಕಿ ತುಂಬ ಗುಡ್ಡ. ಬಂಡೆಯ ಮೇಲೆ ಬಂಡೆ, ಸಂದಿಯೊಳಗೆ ಸಂದಿ. ಕಣ್ಣು ಅರ್ಧ ಮುಚ್ಚಿದರೆ ಸಾಕು, ಬುಡದಿಂದ ನೀಲಿ ನೀರು ಏರುತ್ತದೆ. ಒಂದೊಂದೇ ಬಂಡೆ ಮುಳುಗುತ್ತದೆ. ಕಾದ ಗಾಳಿ ತಣ್ಣಗೆ ಸೆಳೆಯುವ ನೀರಾಗುತ್ತದೆ, ಮೇಲೆ ಸುತ್ತುವ ಹದ್ದುಗಳು ಸದ್ದಿಲ್ಲದೆ ಈಜುತ್ತವೆ. ಆಗ ಯಾವುದೋ ಸಂದಿಯಿಂದ ಅದು ಮೋರೆ ತೋರಿಸುತ್ತದೆ. ದಪ್ಪ ತುಟಿ, ದೊಡ್ಡ ಬಾಯಿ, ಕಂದು ಮೈಮೇಲೆ ಚುಕ್ಕಿ. ಕರಾವಳಿಯವರು ಅದನ್ನು ಮುರು ಅನ್ನುತ್ತಾರಂತೆ. ಮಗಳು ಓದುತ್ತಿರುವುದು ಅದನ್ನೇ.

ಆ ಮುರುವಿಗೆ ಅಲ್ಲಿ ಭಾರಿ ಬೇಡಿಕೆ. ಸಮುದ್ರದ ಅಡಿಯಲ್ಲಿ, ಅರವತ್ತು ಎಪ್ಪತ್ತು ಮಾರು ಕೆಳಗೆ, ಕಲ್ಲಿನ ಗುಡ್ಡಗಳಿವೆಯಂತೆ. ಒಂದೊಂದು ಗವಿಗೆ ಒಂದೊಂದು ಮುರು. ಗುಂಪು ಕಟ್ಟಿಕೊಂಡು ತಿರುಗುವ ಮೀನಲ್ಲ, ತನ್ನ ಮನೆ ತನಗೆ. ಮಗಳು ಮೀನು ತರಲು ಹೋಗುವ ದೋಣಿಯಲ್ಲಿ ಒಬ್ಬ ಮುದುಕ ಬೆಸ್ತ ಇದ್ದಾನೆ, ಮಗಳು ಅವನನ್ನು ಅಜ್ಜ ಅನ್ನುತ್ತಾಳೆ. ಅವನು ಸೀಸದ ಗುಂಡು ಕಟ್ಟಿದ ದಾರವನ್ನು ಕೈಯಿಂದಲೇ ಬಿಡುತ್ತಾನೆ. ಗಾಳ ಕಚ್ಚಿದ ಕೂಡಲೇ ಎಳೆದುಕೊಂಡರೆ ಸರಿ. ಒಂದು ಗಳಿಗೆ ತಡವಾದರೆ ಅದು ಗವಿಯೊಳಗೆ ನುಗ್ಗಿ, ಕಿವಿರು ಅಗಲಿಸಿ, ಕಲ್ಲಿಗೆ ಕಚ್ಚಿಕೊಂಡು ಕೂತುಬಿಡುತ್ತದೆ. ಆಮೇಲೆ ಹತ್ತು ಮಂದಿ ಎಳೆದರೂ ದಾರ ಹರಿಯುವುದೇ ಹೊರತು ಮೀನು ಬರದು.

"ಹಂಗಾದ್ರ ಏನು ಮಾಡ್ತಾನ ಅಂವ?" ಅಂತ ಕೇಳಿದ್ದೆ.

"ಏನೂ ಮಾಡಲ್ಲವ್ವಾ. ದಾರ ಸಡ್ಲ ಬಿಟ್ಟು ಬೀಡಿ ಸೇದಿಕೋತ ಕುಂದರ್ತಾನ. ಎಳೆಯೋರು ಹೋದ್ರು ಅಂತ ತಿಳಕೊಂಡು ಅದ ಹೊರಗ ಬರ್ತೈತಿ."

ಅವಳು ಹಾಗಂದಾಗ ನನಗೆ ಕುರುಗೋಡು ಕಣ್ಣಿಗೆ ಕಟ್ಟಿತು. ಚಿಕ್ಕವಳಿದ್ದಾಗ ಸಿಟ್ಟು ಬಂದರೆ ನಾನು ಮನೆ ಹಿಂದಿನ ಗುಡ್ಡ ಹತ್ತಿ, ಎರಡು ಬಂಡೆ ನಡುವಿನ ತಂಪು ಸಂದಿಯಲ್ಲಿ ಹೋಗಿ ಕೂರುತ್ತಿದ್ದೆ. ನನ್ನವ್ವ ಕೆಳಗೆ ನಿಂತು ಕೂಗುವಳು. ಕೂಗಿದಷ್ಟೂ ನಾನು ಒಳಗೆ ಸರಿಯುತ್ತಿದ್ದೆ. ಅವಳು ಕೂಗುವುದು ಬಿಟ್ಟು ರೊಟ್ಟಿ ಬಡಿಯಲು ಕೂತ ಸದ್ದು ಕೇಳಿದರೆ ಸಾಕು, ತಾನಾಗಿ ಇಳಿದು ಬರುತ್ತಿದ್ದೆ. ಬಿಸಿ ರೊಟ್ಟಿ ಕೈಗಿಡುವಳು, ಒಂದು ಮಾತೂ ಕೇಳುತ್ತಿರಲಿಲ್ಲ. ಶಿವ ನನಗೆ ಕೊಟ್ಟ ದೊಡ್ಡ ಸಿರಿ ಯಾವುದು ಅಂದರೆ ಆ ಕೇಳದೆ ಇದ್ದ ಮಾತು ಅನ್ನುತ್ತೇನೆ.

ಆ ಮೀನಿನದು ಇನ್ನೂ ಒಂದು ಸೋಜಿಗ ಇದೆ. ಹುಟ್ಟುವಾಗ ಎಲ್ಲವೂ ಹೆಣ್ಣಂತೆ. ವರ್ಷ ಕಳೆದು ಮೈ ತುಂಬಿಕೊಂಡ ಮೇಲೆ ಅವುಗಳಲ್ಲಿ ಕೆಲವು ಗಂಡಾಗುತ್ತವಂತೆ.

"ನಮ್ಮ ಅತ್ತಿ ಹಂಗ ಅನ್ನು!" ಅಂದೆ. ಇಬ್ಬರೂ ಫೋನಿನಲ್ಲೇ ಬಿದ್ದು ಬಿದ್ದು ನಕ್ಕೆವು.

ಒಳಕೋಣೆಯಿಂದ ಅತ್ತೆ, "ಏನವಾ ಅದು, ಅವ್ವ ಮಗಳು ಹಲ್ಲು ಕಿಸಿಯೋದು?" ಅಂದರು.

"ಏನಿಲ್ರಿ ಅತ್ತಿ, ನೀರಿನ ವಿಷ್ಯ," ಅಂದೆ.

ನಾನು ಮೂರು ವರ್ಷದಿಂದ ಹೇಳಿಕೊಂಡು ಬಂದ ಸುಳ್ಳು ಅದು. ನಮ್ಮದು ಲಿಂಗ ಕಟ್ಟಿದ ಮನೆ. ತತ್ತಿ ಮಾರುವವನು ಓಣಿಯಲ್ಲಿ ಬಂದರೆ ಅತ್ತೆ ಬಾಗಿಲು ಮುಂದೆ ಮಾಡುತ್ತಾರೆ. ಮೊಮ್ಮಗಳು ಮೀನು ಕೊಯ್ದು ಓದುತ್ತಾಳೆ ಅಂತ ಅವರಿಗೆ ಹೇಗೆ ಹೇಳಲಿ? "ಸಮುದ್ರದ ನೀರು ಪರೀಕ್ಷೆ ಮಾಡೋ ಓದು" ಅಂದಿದ್ದೆ. ಅವರು, "ಗಂಗಮ್ಮನ ಸೇವೆ, ಚಲೋ ಆತು," ಅಂದಿದ್ದರು. ಅವರು ಅಷ್ಟು ಸುಲಭಕ್ಕೆ ನಂಬಿದ್ದೇ ನನಗೆ ಚುಚ್ಚುತ್ತಿತ್ತು.

ಹೋದ ಶ್ರಾವಣದಲ್ಲಿ ಮಗಳು ನಾಲ್ಕು ದಿನಕ್ಕೆ ಬಂದಳು. ಬ್ಯಾಗಿನಲ್ಲಿ ಒಂದು ಪೆಟ್ಟಿಗೆ. ಬಸ್ಸಿನಲ್ಲಿ ನೀರಿನ ಬಾಟಲಿ ಸೋರಿ ಪೆಟ್ಟಿಗೆಯೊಳಗಿನ ಕಾಗದದ ಪೊಟ್ಟಣಗಳು ತೊಯ್ದಿದ್ದವು. ಒಂದನ್ನು ಬಿಚ್ಚಿ ನನ್ನ ಅಂಗೈಗೆ ಸುರಿದಳು. ಬೆಳ್ಳಗಿನ ಪುಟ್ಟ ಕಲ್ಲು. ನಮ್ಮ ಅಕ್ಕಿಗಿಂತ ಒಂಚೂರು ಉದ್ದ, ದೋಣಿಯ ಹಾಗೆ ಬಾಗಿದೆ, ಒಂದು ಮಗ್ಗುಲಲ್ಲಿ ಸಣ್ಣ ಗೀರು.

"ಇದು ಮುರುವಿನ ಕಿವಿಗಲ್ಲವ್ವಾ. ತಲಿಯೊಳಗ ಎಡಕ್ಕೊಂದು ಬಲಕ್ಕೊಂದು ಇರ್ತಾವ. ತೆಳ್ಳಗ ಕೊಯ್ದು ನೋಡಿದ್ರ ಮರದಾಗ ಇದ್ದಂಗ ಸುತ್ತು ಕಾಣ್ತಾವ. ವರ್ಷಕ್ಕೊಂದು ಸುತ್ತು."

ಆ ಕಲ್ಲು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತೆ. ಕತ್ತಲ ನೀರಿನಲ್ಲಿ, ಯಾರೂ ಕಾಣದ ಗವಿಯಲ್ಲಿ, ವರ್ಷಕ್ಕೊಮ್ಮೆ ಯಾರು ಕೂತು ಆ ಗೆರೆ ಎಳೆಯುತ್ತಾರೆ? ನಮ್ಮ ಲೆಕ್ಕ ಇಡುವವನೇ ಅದರದ್ದೂ ಇಡುತ್ತಾನೆ, ಮತ್ತಾರು.

ಇಪ್ಪತ್ನಾಲ್ಕು ಮೀನಿನ ಕಲ್ಲು ತಂದಿದ್ದಳು. ಎಡಗಡೆಯವು ನಂಬರು ಬರೆದ ಪುಟ್ಟ ಶೀಶೆಗಳಲ್ಲಿ ಭದ್ರವಾಗಿದ್ದವು. ತೊಯ್ದದ್ದು ಬಲಗಡೆಯವು. ಎಡ ಬಲ ಎರಡೂ ಕಲ್ಲು ಒಂದೇ ವಯಸ್ಸು ಹೇಳಿದರೇ ಆ ಮೀನು ಲೆಕ್ಕಕ್ಕೆ ಬರುವುದು, ಇಲ್ಲದಿದ್ದರೆ ಅವಳ ಎರಡು ವರ್ಷದ ದೋಣಿ ತಿರುಗಾಟವೆಲ್ಲ ನೀರಿಗೆ ಹಾಕಿದಂತೆ. ರಜೆ ಮುಗಿದ ಮೇಲೆ ಅವಳ ಮೇಷ್ಟ್ರು ಅವನ್ನೇ ಕೇಳುವವರಿದ್ದರು. ಅದಕ್ಕೆ ಅವಳು ಒಂದು ಸ್ಟೀಲ್ ತಾಟಿಗೆ ಬಿಳಿ ಅರಿವೆ ಹಾಸಿ, ನಂಬರಿನ ಪ್ರಕಾರ ಸಾಲಾಗಿ ಕಲ್ಲು ಜೋಡಿಸಿ, ಬೆಳಿಗ್ಗೆ ಎಳೆ ಬಿಸಿಲು ಬೀಳುವ ಕಿಟಕಿ ಯಾವುದು ಅಂತ ನೋಡಿ ರಾತ್ರಿಯೇ ಇಟ್ಟಳು. ಅದು ದೇವರ ಜಗಲಿಯ ಪಕ್ಕದ ಕಿಟಕಿ.

ನಮ್ಮ ಮನೆಯ ಪದ್ಧತಿ ಅವಳಿಗೆ ಮರೆತಿತ್ತು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಅತ್ತೆ ಒಂದು ಹಿಡಿ ಅಕ್ಕಿ ಮಠದ ದಾಸೋಹಕ್ಕೆ ಅಂತ ತೆಗೆದು, ತಾಟಿಗೆ ಬಿಳಿ ಅರಿವೆ ಹಾಸಿ, ಅದೇ ಕಿಟಕಿಯಲ್ಲಿ ಇಡುತ್ತಾರೆ. ನಾನು ಜಳಕ ಮಾಡಿ ಬಂದು ಅದನ್ನು ಹಿಡಿ ಅಕ್ಕಿಯ ಡಬ್ಬಿಗೆ ಸುರಿಯುತ್ತೇನೆ. ಶ್ರಾವಣ ಸೋಮವಾರ ಮಧ್ಯಾಹ್ನ ಮಠದ ಆಟೋ ಬಂದು ಒಯ್ಯುತ್ತದೆ.

ಆವತ್ತು ಸೋಮವಾರ. ಪೂಜೆ ದೊಡ್ಡದು ಅಂತ ಅತ್ತೆ ಇನ್ನೂ ಅಕ್ಕಿ ತೆಗೆದಿರಲಿಲ್ಲ, ಅದು ನನಗೆ ಗೊತ್ತಿರಲಿಲ್ಲ. ಬಾಯಲ್ಲಿ ಶಿವನಾಮ, ಮನಸ್ಸು ಮಾತ್ರ ಅರವತ್ತು ಮಾರು ಕೆಳಗೆ. ತಾಟಿನಲ್ಲಿ ಬೆಳ್ಳಗೆ ನಾಲ್ಕೇ ಕಾಳು ಇದ್ದ ಹಾಗೆ ಕಂಡಿತು. ನನಗೆ ಏನನಿಸಿತು ಗೊತ್ತೇ? ಅತ್ತೆಗೆ ವಯಸ್ಸಾಯಿತು, ಅವರ ಮುಷ್ಟಿ ಸಣ್ಣದಾಗುತ್ತಾ ಬಂತು ಅನಿಸಿತು. ಕಣ್ಣಲ್ಲಿ ನೀರೂ ಬಂತು. ಆ ನೀರಿನ ಕಣ್ಣಲ್ಲೇ ತಾಟನ್ನು ಡಬ್ಬಿಗೆ ಬಗ್ಗಿಸಿದೆ. ಬಗ್ಗಿಸಿ, ಡಬ್ಬಿಯನ್ನು ಅಲ್ಲಾಡಿಸಿ, ಮುಚ್ಚಳ ಹಾಕಿ ಕೈ ಮುಗಿದೆ.

ಮಗಳು ಎದ್ದು ಬಂದು ಖಾಲಿ ತಾಟು ನೋಡಿ, "ಅವ್ವಾ, ಕಲ್ಲು?" ಅಂದಾಗಲೇ ನನಗೆ ಎಚ್ಚರ.

ಅತ್ತೆ ಒಳಕೋಣೆಯಲ್ಲಿ ಲಿಂಗಪೂಜೆಗೆ ಕೂತಿದ್ದರು. ನಾವಿಬ್ಬರೂ ಅಡುಗೆಮನೆಯಲ್ಲಿ ಹಳೆಯ ಸೀರೆ ಹಾಸಿ ಡಬ್ಬಿ ಸುರಿದೆವು. ಒಂದು ವಾರದ ಅಕ್ಕಿ. ಬೆರಳಲ್ಲಿ ಸರಿಸಿ ಸರಿಸಿ ಒಂದು, ಎರಡು, ಐದು ಅಂತ ತೆಗೆದೆವು. ಇಪ್ಪತ್ಮೂರು ಸಿಕ್ಕವು. ಇನ್ನೊಂದು ಸಿಗಲಿಲ್ಲ. ಸಿಕ್ಕವಾದರೂ ಯಾವುದು ಯಾವ ಮೀನಿನದು? ಸಾಲು ಹೋಗಿತ್ತು, ನಂಬರೂ ಹೋಗಿತ್ತು. ಮಗಳು ಶೀಶೆಯಿಂದ ಎಡಗಡೆಯದೊಂದು ತೆಗೆದು ಬೆಳಕಿಗೆ ಹಿಡಿದು ನೋಡಿದಳು. "ಎಲ್ಲಾ ಒಂದ ಥರ ಕಾಣ್ತಾವವ್ವಾ," ಅಂತ ಮೊಣಕಾಲಿಗೆ ಮುಖ ಇಟ್ಟುಬಿಟ್ಟಳು. ಅವಳು ನನ್ನನ್ನು ಒಂದು ಮಾತು ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಬೈಯಲಿಲ್ಲ.

ಆಗ ನನಗೆ ಅತ್ತೆಯ ಬೆರಳು ನೆನಪಾದವು. ಸಿರುಗುಪ್ಪದಲ್ಲಿ ನಲವತ್ತು ವರ್ಷ ಗದ್ದೆಯ ಅಕ್ಕಿ ಹಸನು ಮಾಡಿದ ಬೆರಳು. ಈಗ ಕಣ್ಣು ಮಂಜಾಗಿದೆ, ಆದರೂ ಮೊರದಲ್ಲಿ ಕೈಯಾಡಿಸಿ ಇದು ನಮ್ಮ ಗದ್ದೆಯದು, ಇದು ಅಂಗಡಿಯದು ಅಂತ ಹೇಳುತ್ತಾರೆ. ಮಗಳು ಕೂಸಿದ್ದಾಗ ಅವಳ ಕಾಲುಗೆಜ್ಜೆಯಿಂದ ಉದುರಿದ ಒಂದು ಹಿಡಿ ಗುಂಡುಗಳನ್ನು ಮುಟ್ಟಿ ಮುಟ್ಟಿಯೇ ಜೋಡಿ ಮಾಡಿ ಕೊಟ್ಟವರು.

ಮಗಳಿಗೂ ಹೊಳೆಯಿತು. ಕಿವಿಯಲ್ಲಿ ಅಂದಳು, "ಸಮುದ್ರದ ಕಲ್ಲು ಅಂತ ಅನ್ನವ್ವಾ. ಸುಳ್ಳೇನಲ್ಲ ಅದು."

ಸುಳ್ಳಲ್ಲ, ನಿಜ. ನನ್ನ ನಾಲಿಗೆ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಒಳಗೆ ಅತ್ತೆಯ ಅಂಗೈ ಮೇಲೆ ಲಿಂಗ ಇತ್ತು. ಅದೇ ಬೆರಳಿನ ಮೇಲೆ, ಅವರಿಗೆ ಗೊತ್ತಿಲ್ಲದ ಹಾಗೆ, ಸೋಮವಾರ ದಿನ ನಾನು ಮೀನಿನ ತಲೆಯೊಳಗಿನದನ್ನು ಹೇಗೆ ಇಡಲಿ? ಮಗಳ ಓದು ಹೋದರೆ ಹೋಗಲಿ ಅನ್ನುವಷ್ಟು ದೊಡ್ಡವಳೂ ನಾನಲ್ಲ.

ಅತ್ತೆ ಹಣೆಗೆ ಇಬತ್ತಿ ಹಚ್ಚಿಕೊಂಡು ಹೊರಗೆ ಬಂದರು. ಹಾಸಿದ ಸೀರೆ ಕಾಲಿಗೆ ತಗುಲಿತು.

"ಏನವಾ, ಸೋಮವಾರ ಮುಂಜಾನೆದ್ದು ಅಕ್ಕಿ ಹರವಿಕೊಂಡು ಕುಂತೀರಿ? ಹುಳ ಬಿದ್ದಾವೇನು?"

"ಅತ್ತೀ, ಒಂದು ಮಾತೈತಿ. ಕುಂದರ್ರಿ."

"ನಿಂತ ಕೇಳ್ತೀನಿ, ಹೇಳು."

"ಆಕಿ ಓದೋದು ನೀರಲ್ಲ. ಮೀನು. ಮೂರು ವರ್ಷದಿಂದ ನಿಮಗ ಸುಳ್ಳು ಹೇಳೀನಿ. ಮೀನಿನ ತಲ್ಯಾಗಿನ ಕಲ್ಲು ತಂದು ದೇವರ ಕಿಡಕ್ಯಾಗ ಒಣಗಾಕ ಇಟ್ಟಿದ್ಲು. ಹಿಡಿ ಅಕ್ಕಿ ಅಂತ ತಿಳದು ನಾನ ಡಬ್ಬಿಗೆ ಹಾಕಿಬಿಟ್ಟೆ. ತಪ್ಪೆಲ್ಲಾ ನಂದು."

ಅತ್ತೆ ನನ್ನ ಮಾತು ಬಂದ ಕಡೆ ಮುಖ ಮಾಡಿ ನಿಂತರು. ಆಮೇಲೆ ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋದರು. ಅಗಳಿ ಬಿದ್ದ ಸದ್ದಾಯಿತು.

ಮಗಳು ಧಡಕ್ಕನೆ ಎದ್ದಳು. "ಅಜ್ಜೀ, ಬಾಗಲ ತಗಿ! ನಂದ ತಪ್ಪಜ್ಜಿ!" ಅಂತ ಬಾಗಿಲು ಬಡಿದಳು. ಒಳಗಿನಿಂದ ಹಾಸಿಗೆಯನ್ನು ಇನ್ನೂ ಒಳಕ್ಕೆ ಎಳೆದುಕೊಂಡ ಸಪ್ಪಳ ಬಂತು. ನಾನು ಮಗಳ ಕೈ ಹಿಡಿದುಕೊಂಡೆ.

"ಬಡೀಬ್ಯಾಡ. ದಾರ ಸಡ್ಲ ಬಿಡು."

ಅವಳು ನನ್ನ ಮುಖ ನೋಡಿದಳು. ಅಳುವಿನ ನಡುವೆಯೇ ಅವಳ ತುಟಿ ಒಂಚೂರು ಅಲುಗಿತು.

ಆಮೇಲಿನ ಹೊತ್ತು ಹೇಗೆ ಹೋಯಿತೋ, ನೆನೆದರೆ ಈಗಲೂ ಅದು ನೀರೊಳಗಿನ ಹೊತ್ತಿನ ಹಾಗೆ ಅನಿಸುತ್ತದೆ. ಸದ್ದು ದೂರ, ಬೆಳಕು ನಿಧಾನ. ಮಠದ ಆಟೋ ಬಂತು. ಚೀಲದಿಂದ ಹೊಸ ಅಕ್ಕಿ ಅಳೆದು ಹಾಕಿ ಕಳಿಸಿದೆ. ಬೇಳೆ ಬೇಯಲು ಇಟ್ಟೆ. ಹುಣಸೆ ನೆನೆಹಾಕಿದೆ. ಕಿಟಕಿಯಾಚೆ ಗುಡ್ಡದ ಮೇಲೆ ಮೋಡದ ನೆರಳು ಒಂದು ಬಂಡೆಯಿಂದ ಇನ್ನೊಂದಕ್ಕೆ ಇಳಿಯುತ್ತಿತ್ತು. ದೋಣಿಯ ಆ ಅಜ್ಜ ಬೀಡಿ ಸೇದುತ್ತಾ ಕೂರುತ್ತಾನೆ, ಮೇಲೆ ಆಕಾಶ, ಕೆಳಗೆ ಸಡಿಲ ದಾರ, ಅದರ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಜೀವ ತನ್ನಷ್ಟಕ್ಕೆ ಉಸಿರಾಡುತ್ತಿದೆ. ಅವನಿಗೆ ಗೊತ್ತು, ಅದು ಇದೆ. ಅಷ್ಟು ಗೊತ್ತಿದ್ದರೆ ಕಾಯುವುದು ಕಷ್ಟ ಅಲ್ಲವೇನೋ. ನಾನು ರೊಟ್ಟಿ ಬಡಿಯಲು ಕೂತೆ. ಬೇಕಂತಲೇ ಸ್ವಲ್ಪ ಜೋರಾಗಿಯೇ ಬಡಿದೆ.

ಆರನೆಯದೋ ಏಳನೆಯದೋ ರೊಟ್ಟಿ ಹಂಚಿನ ಮೇಲಿದ್ದಾಗ ಅಗಳಿ ತೆಗೆದ ಸದ್ದಾಯಿತು. ನಾವಿಬ್ಬರೂ ತಿರುಗಿ ನೋಡಲಿಲ್ಲ.

"ಮಠದಾಗ ಶಂಖ ಊದ್ತಾರ," ಅಂದರು ಅತ್ತೆ, ಬಾಗಿಲಲ್ಲೇ ನಿಂತು. ಯಾರಿಗೆ ಹೇಳಿದರೋ. "ಅದೂ ಸಮುದ್ರದಾಗಿನ ಜೀವದ ಮನೀನ. ಚಿಕ್ಕಂದಿನಿಂದ ಅದನ್ನ ಕಣ್ಣಿಗೊತ್ತಿಕೊಂಡೀನಿ. ಒಂದಿನಾನೂ ಕೈ ತೊಳಕೊಂಡಿಲ್ಲ."

ನಾನು ರೊಟ್ಟಿ ತಿರುವಿ ಹಾಕಿದೆ.

"ಮೀನಿಗಿಂತ ನೀ ಸುಳ್ಳು ಹೇಳಿದ್ದು ಹೊಲಸು, ತಿಳೀತಿಲ್ಲೋ?"

"ತಿಳೀತ್ರಿ."

"ಹ್ಞೂಂ. ಮೊರ ತಗೊಂಬಾ. ಲೇ ಹುಡುಗಿ, ನಿನ್ನ ಶೀಶೆ ತಗೊಂಡು ಇಲ್ಲಿ ಕುಂದರು. ಅಳೋದು ನಿಲ್ಸು ಮೊದಲ, ಮೂಗಿನ ಸಪ್ಪಳಕ್ಕ ಕೈಗೆ ಏನೂ ತಿಳ್ಯಂಗಿಲ್ಲ."

ಮೊರದಲ್ಲಿ ಬಲಗಡೆಯ ಕಲ್ಲುಗಳು. ಮಗಳು ಶೀಶೆಯಿಂದ ಎಡಗಡೆಯದೊಂದು ತೆಗೆದು ಅಜ್ಜಿಯ ಎಡ ಅಂಗೈಗೆ ಇಡುವಳು. ಅತ್ತೆ ಹೆಬ್ಬೆರಳಿನಿಂದ ಅದರ ಬಾಗು, ಅಂಚು, ಗೀರು ತಡವಿ, ಬಲಗೈಯನ್ನು ಮೊರದಲ್ಲಿ ಆಡಿಸುವರು. ಒಂದನ್ನು ತೆಗೆದು, ಬಿಟ್ಟು, ಇನ್ನೊಂದನ್ನು ಹಿಡಿದು, "ಇದು ಇದರ ತಂಗಿ," ಅನ್ನುವರು. ಮಗಳು ಎರಡನ್ನೂ ಬೆಳಕಿಗೆ ಹಿಡಿದು ನೋಡಿ, "ಹೌದಜ್ಜೀ! ಅಂಚಿನ ಹಲ್ಲು ಕೂಡ ಒಂದ ಥರ," ಅಂತ ಕೂಗುವಳು. ಕಾಲೇಜಿಗೆ ಹೋಗಿ ತೂಕ ಹಾಕಿ ಮತ್ತೊಮ್ಮೆ ಖಾತ್ರಿ ಮಾಡಿಕೊಳ್ಳುತ್ತೇನೆ ಅಂದಳು. "ಮಾಡಿಕೋ, ನಿನ್ನ ತಕ್ಕಡಿ ತಪ್ಪಿದ್ರ ನನಗ ಹೇಳು," ಅಂದರು ಅತ್ತೆ.

ನಡುನಡುವೆ ಕೇಳುವರು. ಇದು ಎಲ್ಲಿ ಇರ್ತೈತಿ, ಏನು ತಿಂತೈತಿ. ಮಗಳು ಎಲ್ಲ ಹೇಳಿದಳು. ಆಳದಿಂದ ಮೇಲೆ ಎಳೆದರೆ ಹೊಟ್ಟೆಯೊಳಗಿನ ಗಾಳಿಚೀಲ ಉಬ್ಬಿ ಅದರ ಕಣ್ಣು ಹೊರಗೆ ಬರುತ್ತದೆ, ಸಣ್ಣದು ಸಿಕ್ಕರೆ ದೋಣಿಯ ಅಜ್ಜ ಅದಕ್ಕೆ ಭಾರ ಕಟ್ಟಿ ಮತ್ತೆ ತಳಕ್ಕೆ ಇಳಿಸಿ ಬಿಡುತ್ತಾನೆ ಅಂದಳು. ಅತ್ತೆಯ ಕೈ ನಿಂತಿತು.

"ಮನೀತನಕ ಬಿಟ್ಟು ಬರ್ತಾನ ಅನ್ನು," ಅಂದರು. "ಇರಲಿ. ಒಳ್ಳೆ ಮನುಷ್ಯ."

ಹೆಣ್ಣು ಗಂಡಾಗುವ ಸಂಗತಿಯನ್ನೂ ಮಗಳು ಹೇಳಿಬಿಟ್ಟಳು. ನಾನು ಕಣ್ಣು ಮಾಡಿದೆ, ಅವಳು ನೋಡಲಿಲ್ಲ.

"ಓಹೋ. ಅದಕ್ಕ ಏನು ಆವತ್ತು ಫೋನ್ ಹಿಡಕೊಂಡು ನಕ್ಕಿದ್ದು? ನಿಮ್ಮವ್ವ ನನ್ನ ಹೆಸರು ತಗೊಂಡಿರಬೇಕು," ಅಂದರು ಅತ್ತೆ. ನಾನು ಒಲೆ ಕಡೆ ತಿರುಗಿದೆ. "ನಗಲಿ ಬಿಡು. ನಿಮ್ಮಜ್ಜ ಹೋದ ಮ್ಯಾಲ ಗದ್ದಿ ನೋಡಿದವರು ಯಾರು? ಕಾಲುವೆ ನೀರಿಗೆ ಜಗಳ ಆಡಿದವರು ಯಾರು? ಆ ಮೀನಿಗೆ ಇರೋ ತಿಳುವಳಿಕೆ ನಿಮಗಿಲ್ಲ."

ಇಪ್ಪತ್ಮೂರು ಜೋಡಿಯಾದವು. ಒಂದು ಶೀಶೆ ಒಂಟಿಯಾಗಿ ಉಳಿಯಿತು. ಅತ್ತೆ ಹಾಸಿದ ಅಕ್ಕಿಯನ್ನೆಲ್ಲ ತಾವೇ ಇನ್ನೊಮ್ಮೆ ಹಸನು ಮಾಡಿದರು. ಏನೂ ಸಿಗಲಿಲ್ಲ.

"ಇದ್ರಾಗ ಇಲ್ಲ. ನೀ ಎಣಿಸಿದ್ದು ತಪ್ಪೈತಿ," ಅಂದರು.

"ಎಣಿಸಿದ್ದು ಸರೀಗೈತಜ್ಜೀ."

"ನಾ ಹಸನ ಮಾಡಿದ ಅಕ್ಕ್ಯಾಗ ಕಲ್ಲು ಉಳದಿದ್ದು ಯಾವಾಗ ನೋಡೀ?"

ಮಗಳು ಒಂಟಿ ಶೀಶೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು. ಆ ಮೀನೇ ಎಲ್ಲಕ್ಕಿಂತ ಬೇಕಾದದ್ದು ಅಂತ ಆಮೇಲೆ ನನಗೆ ಮೆಲ್ಲಗೆ ಹೇಳಿದಳು.

ಈಗ ಆ ಅಕ್ಕಿಯನ್ನು ಏನು ಮಾಡುವುದು? ಕೇಳಲು ನನಗೆ ಧೈರ್ಯ ಇರಲಿಲ್ಲ. ಅತ್ತೆಯೇ ಅಂದರು, "ಗುರುವಿಗೆ ಕೊಡೋ ಹಂಗಿಲ್ಲ. ಅನ್ನ, ಚೆಲ್ಲೋ ಹಂಗೂ ಇಲ್ಲ. ನಾವ ಉಣ್ಣಾನು. ಇವತ್ತಿಗಾಗೋ ಅಷ್ಟು ಇಡು." ಏಳು ಸಲ ತೊಳೆಸಿದರು. ಪಾತ್ರೆಗೆ ಹಾಕಿದ ಮೇಲೆ ಖಾಲಿ ಡಬ್ಬಿಯ ತಳದ ಅಂಚಿನಲ್ಲಿ ಒಂದೆರಡು ಕಾಳು ಸಿಕ್ಕಿಕೊಂಡಿರುತ್ತವಲ್ಲ, ಒಂದು ಕಾಳೂ ದಂಡ ಆಗಬಾರದು ಅವರಿಗೆ. ಡಬ್ಬಿಯನ್ನು ಬೋರಲು ಮಾಡಿ ಟಣ್ ಟಣ್ ಅಂತ ಬಡಿದು ಅದನ್ನೂ ಪಾತ್ರೆಗೆ ಉದುರಿಸಿದರು.

ಊಟಕ್ಕೆ ಕೂತೆವು. ರೊಟ್ಟಿ ಮುಗಿಸಿ, ಅನ್ನಕ್ಕೆ ಸಾರು ಕಲಿಸಿ, ಅತ್ತೆ ಎರಡನೆಯ ತುತ್ತು ಬಾಯಿಗಿಟ್ಟಿದ್ದರು.

ಟಕ್.

ಸದ್ದು ನಮ್ಮಿಬ್ಬರಿಗೂ ಕೇಳಿತು. ಅತ್ತೆಯ ದವಡೆ ನಿಂತಿತು. ಮಗಳು ನನ್ನ ಮೊಣಕೈ ಹಿಡಿದಳು. ಶಿವನೇ, ಹುಟ್ಟಿದಾಗಿನಿಂದ ಕಾಯ್ದ ನೇಮ, ಶ್ರಾವಣ ಸೋಮವಾರ, ಅದೂ ನನ್ನ ಕೈಯಿಂದ. ಭೂಮಿ ಬಾಯಿ ಬಿಡಬಾರದೇ ಅಂತ ನಾನು ತಾಟು ನೋಡುತ್ತಾ ಕೂತೆ.

ಅತ್ತೆ ಎರಡು ಬೆರಳಿನಿಂದ ಅದನ್ನು ಬಾಯಿಂದ ತೆಗೆದರು. ಎಸೆಯಲಿಲ್ಲ. ನೀರಿನ ಚೊಂಬಿಗೆ ಕೈ ಹಾಕಿ ತೊಳೆದು, ಹೆಬ್ಬೆರಳಿನಿಂದ ಒಮ್ಮೆ ತಡವಿದರು.

"ಬಲಗಡೇದು," ಅಂದರು. "ಎಣಿಸಿದ್ದು ಸರೀಗಿತ್ತು ನಿಂದು. ತಗೋ."

ಮಗಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಕುದ್ದರೆ ಅದಕ್ಕೆ ಏನೂ ಆಗುವುದಿಲ್ಲ ಅಂತ ಹೇಳಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು. ಅತ್ತೆ ಎದ್ದು ಹೋಗುತ್ತಾರೆ ಅಂದುಕೊಂಡಿದ್ದೆ. ಏಳಲಿಲ್ಲ. ತಾಟಿನಲ್ಲಿರುವುದು ಪ್ರಸಾದ, ಬಿಟ್ಟು ಏಳಬಾರದು. ಕೊನೆಯ ಅಗುಳಿನವರೆಗೆ ಉಂಡರು. ತಾಟು ತೊಳೆದ ನೀರನ್ನೂ ಕುಡಿದರು. ಆಮೇಲೆ ಹೋಗಿ ಮತ್ತೊಮ್ಮೆ ಜಳಕ ಮಾಡಿ, ಇಬತ್ತಿ ಹಚ್ಚಿಕೊಂಡು ಬಂದು, ನನ್ನ ಚಾಪೆಯ ಮೇಲೇ ಅಡ್ಡಾದರು. ನಾನು ಗೋಡೆಗೆ ಒರಗಿ ಕೂತೆ. ಗುಡ್ಡದ ಮೇಲೆ ನೀರು ಏರುತ್ತಿತ್ತು. ಆವತ್ತು ಆ ನೀರಿನಲ್ಲಿ ನಾವಿಬ್ಬರಿದ್ದೆವು.

ಮಗಳು ಹೋದ ಎರಡು ವಾರಕ್ಕೆ ಫೋನು ಬಂತು. ತೂಕ ಹಾಕಿ ನೋಡಿದ್ದಳು, ಇಪ್ಪತ್ನಾಲ್ಕು ಜೋಡಿಯೂ ಹೊಂದಿದ್ದವು. ಮೇಷ್ಟ್ರು ಒಪ್ಪಿದರಂತೆ. ಅತ್ತೆ ಫೋನು ಕಸಿದುಕೊಂಡರು. ಈಗ ಅವರೇ ಕಸಿದುಕೊಳ್ಳುತ್ತಾರೆ.

"ಅದೆಲ್ಲಾ ಇರಲಿ. ನನ್ನ ಹಲ್ಲಿಗೆ ಸಿಕ್ಕಿತ್ತಲ್ಲ, ಅದಕ್ಕ ಎಷ್ಟು ವರ್ಷ?"

"ಹದಿಮೂರು ಸುತ್ತು ಐತಜ್ಜೀ."

"ಗಂಡೋ, ಹೆಣ್ಣೋ?"

"ಹೆಣ್ಣಿತ್ತು. ಗಂಡಾಗಾಕ ಹತ್ತಿತ್ತು. ಅದಕ್ಕ ಅದು ನನಗ ಅಷ್ಟು ಬೇಕಿತ್ತು."

ಅತ್ತೆ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಿಸಿದರು.

"ಪಾಪ," ಅಂದರು. "ನಡುದಾರ್ಯಾಗ ಹಿಡದಾರ."